ಮಾವನ ದನಿಯ ಬ್ಯಾಕಪ್

ನಮ್ಮ ಕಡೆ ಕಂಪ್ಯೂಟರ್ ಇರುವ ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಯಂತ್ರದ ತಲೆಯ ಮೇಲೆ ಜೋಳದ ಕುರುಕಲು ತಿಂಡಿಯ ಒಂದು ಹಸಿರು ಪೊಟ್ಟಣ ಕುಳಿತಿರುತ್ತದೆ. ಆ ತಿಂಡಿಯ ಹೆಸರಿನ ಅರ್ಥವೇ "ಜಾಣನಾಗಿರು" ಎಂದು, ಅದು ಮೇಲಿದ್ದರೆ ಯಂತ್ರ ಹಟ ಮಾಡದೆ ಓಡುತ್ತದೆ ಎಂದು ನಂಬಿಕೆ. ಪೊಟ್ಟಣ ಹಸಿರೇ ಆಗಿರಬೇಕು. ಹಳದಿಯದೋ ಕೆಂಪಿನದೋ ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದಂತೆ. ಹಸಿವಾಯಿತೆಂದು ಯಾರೂ ಬಿಚ್ಚಿ ತಿನ್ನುವಂತಿಲ್ಲ, ಅದರ ವಾಯಿದೆ ಮುಗಿಯುವ ಮೊದಲೇ ಹೊಸದನ್ನು ಇಡಬೇಕು. ನಾನು ಇದನ್ನು ಆಡಿಕೊಳ್ಳುತ್ತಿಲ್ಲ. ನಮ್ಮ ಮನೆಯಲ್ಲೂ ಇದೆ. ಆದರೆ ತಿಂಡಿಯ ವಾಯಿದೆಯನ್ನು ಅಷ್ಟು ಶ್ರದ್ಧೆಯಿಂದ ನೋಡುವ ಜನಕ್ಕೆ ಬ್ಯಾಕಪ್ಪನ್ನು ಒಮ್ಮೆ ತೆರೆದು ನೋಡಲು ಏನು ಕೈ ನೋವು ಎಂದು ನನಗೆ ಸಿಟ್ಟು. ಆ ಸಿಟ್ಟಿನಿಂದಲೇ ಇದನ್ನು ಹೇಳುತ್ತಿದ್ದೇನೆ, ಕೇಳಿ.

ನಮ್ಮದು ಹುವೆಯ್ ಪಟ್ಟಣದ ಕೈಬೊಂಬೆ ಮೇಳ. ನನ್ನ ಗಂಡನ ಅಪ್ಪ, ನನ್ನ ಮಾವ ಲ್ಯಾವ್ ಜಿನ್-ಹುವೊ ಅದರ ಯಜಮಾನರು. ವೀರ, ಕಳ್ಳ, ಸನ್ಯಾಸಿ, ಮುದುಕಿ, ಮದುವಣಗಿತ್ತಿ, ಎಲ್ಲ ಬೊಂಬೆಗಳಿಗೂ ಅವರೊಬ್ಬರದೇ ಗಂಟಲು. ಈಗ ಎಲ್ಲ ಮೇಳಗಳಲ್ಲೂ ಮೊದಲೇ ರೆಕಾರ್ಡ್ ಮಾಡಿಟ್ಟ ದನಿಗೆ ಬೊಂಬೆ ಆಡಿಸುವುದು ರೂಢಿ. ಹೋದ ವರ್ಷದ ಕೊನೆಯಲ್ಲಿ ಮಾವನ ಗಂಟಲಲ್ಲಿ ಗೆಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ಹೊಸವರ್ಷದ ಹಬ್ಬ ಕಳೆಯುವವರೆಗೆ ಸಮಯ ಕೊಡಿ ಎಂದು ಕೇಳಿಕೊಂಡು ಬಂದ ಮಾವ, ಪ್ರತಿದಿನ ಮೈಕಿನ ಮುಂದೆ ಕುಳಿತು, ಬಾಯಲ್ಲಿದ್ದ ಕಥೆಗಳನ್ನೆಲ್ಲ ಹೇಳಿ ಮುಗಿಸಿದರು. ಆಮೇಲೆ ಆಪರೇಷನ್ ಆಯಿತು. ಈಗ ಅವರ ಬಾಯಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ.

ಆ ರೆಕಾರ್ಡಿಂಗ್‌ಗಳೆಲ್ಲ ಮುಂಗೋಣೆಯ ಲಿನಕ್ಸ್ ಯಂತ್ರದಲ್ಲಿದ್ದವು. ಕತ್ತರಿಸಿ ಓರಣ ಮಾಡಿದ ಕಥೆಗಳು ಒಂದು ಫೋಲ್ಡರಿನಲ್ಲಿ, ಕತ್ತರಿಸದ ಮೂಲ ರೆಕಾರ್ಡಿಂಗ್ ಇನ್ನೊಂದರಲ್ಲಿ. ಮೇಳಕ್ಕೆ ಬೇಕಾದದ್ದು ಮೊದಲನೆಯದು. ನನ್ನ ಅತ್ತೆ ಅ-ತಾವ್‌ಗೆ ಬೇಕಾದದ್ದು ಎರಡನೆಯದು. ಏಕೆಂದರೆ ಮೂಲದಲ್ಲಿ ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ನಡುವೆ ಮಾವ ತಮ್ಮ ಸ್ವಂತ ದನಿಯಲ್ಲಿ ಮಾತಾಡುತ್ತಿದ್ದರು. ಕೆಮ್ಮುತ್ತಿದ್ದರು, ಟೀ ಕೇಳುತ್ತಿದ್ದರು, ಅತ್ತೆಯನ್ನು ಬೈಯುತ್ತಿದ್ದರು. "ಅ-ತಾವ್, ಹಾಗಲಕಾಯಿ ಸಾರು ಇವತ್ತೂ ಉಪ್ಪು. ನನ್ನ ಗಂಟಲು ಮೊದಲೇ ಕೆಟ್ಟಿದೆ, ನೀನೂ ಕೈ ಜೋಡಿಸ್ಬೇಡ ಕಣೆ" ಎಂದು ಒಂದು ಕಡೆ ಇತ್ತು. ಊಟವಾದ ಮೇಲೆ ಅತ್ತೆ ದಿನವೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿ ನಗುತ್ತಿದ್ದಳು. ಪಕ್ಕದಲ್ಲೇ ಕುಳಿತ ಮಾವ ನಾಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು.

ಯಂತ್ರದ ಉಸ್ತುವಾರಿ ನನ್ನ ಗಂಡ ಅ-ಕುನ್‌ನದು. ಉಸ್ತುವಾರಿ ಎಂದರೆ ಹಸಿರು ಪೊಟ್ಟಣ ಬದಲಿಸುವುದು ಮತ್ತು ಯಾರೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುವುದು. ಅಂಗಡಿಯ ಹುಡುಗನೊಬ್ಬ ಬಂದು ಯಂತ್ರ ಕೂರಿಸಿ, ಪಕ್ಕಕ್ಕೊಂದು ಹೊರಗಿನ ಡಿಸ್ಕ್ ಇಟ್ಟು, ದಿನವೂ ಅದಕ್ಕೆ ಎಲ್ಲವೂ ನಕಲಾಗುವಂತೆ ಒಂದು ಸ್ಕ್ರಿಪ್ಟ್, ಎಂದರೆ ಯಂತ್ರಕ್ಕೆ ಆಜ್ಞೆಗಳ ಪಟ್ಟಿ, ಬರೆದು ಹೋಗಿದ್ದ. ಬೆಳಗಾದರೆ ಅ-ಕುನ್‌ನ ಫೋನಿಗೆ "ಬ್ಯಾಕಪ್ ಯಶಸ್ವಿ" ಎಂದು ಮೆಸೇಜ್. ಅದನ್ನು ಊರಿಗೆಲ್ಲ ತೋರಿಸುತ್ತಿದ್ದ.

ಈ ಬೇಸಗೆಯಲ್ಲಿ ಒಂದು ದಿನ ಹೊಸ ತಮಟೆ, ಜಾಗಟೆಗಳ ಸಂಗೀತ ರೆಕಾರ್ಡ್ ಮಾಡಲು ಕುಳಿತರೆ ಯಂತ್ರ ಜಾಗವಿಲ್ಲ ಎಂದಿತು. ಅಷ್ಟು ದೊಡ್ಡ ಡಿಸ್ಕು ಹೇಗೆ ತುಂಬಿತು ಎಂದು ನನಗೆ ಅನುಮಾನ. ನನ್ನ ಜೊತೆ ಓದಿದ ತ್ಸಾಯ್-ಲ್ಯೆನ್ ಪಟ್ಟಣದ ಆಸ್ಪತ್ರೆಯಲ್ಲಿ ಇಂಥ ಯಂತ್ರಗಳನ್ನೇ ನೋಡಿಕೊಳ್ಳುತ್ತಾಳೆ, ಅವಳನ್ನು ಕರೆಯೋಣ ಎಂದೆ. ಅ-ಕುನ್ ಒಪ್ಪಲಿಲ್ಲ.

"ಓಡ್ತಿರೋ ಯಂತ್ರಾನ ಮುಟ್ಬಾರ್ದು, ಪಿ-ಯುನ್. ಅವಳು ಬಂದು ಏನೋ ಕುಟ್ಟಿ ಹೋದ್ರೆ ಆಮೇಲೆ ಅಳೋರು ಯಾರು? ಕತ್ತರಿಸದೇ ಇರೋವು ದೊಡ್ಡ ದೊಡ್ಡ ಫೈಲು. ಅವನ್ನ ಇಲ್ಲಿಂದ ಅಳಿಸಿದ್ರಾಯ್ತು. ಹೊರಗಿನ ಡಿಸ್ಕಲ್ಲಿ ಹೇಗೂ ಇದೆಯಲ್ಲ."

"ಇದೆ ಅಂತ ನೋಡಿದೀರಾ?"

"ಮೆಸೇಜ್ ಬಂದಿದೆ ಅಂದ್ರೆ ಇದೆ ಅಂತ್ಲೇ ಅರ್ಥ."

ಅಳಿಸಿದ. ಸಿಕ್ಕ ಜಾಗದಲ್ಲಿ ಅಂದು ಸಂಜೆಯವರೆಗೆ ತಮಟೆ ಬಾರಿಸಿ ರೆಕಾರ್ಡ್ ಮಾಡಿದ. ಮರುದಿನ ಬೆಳಿಗ್ಗೆ ಎಂದಿನಂತೆ ಯಶಸ್ವಿ ಎಂದು ಮೆಸೇಜ್ ಬಂತು. ಮಧ್ಯಾಹ್ನ ಊಟ ಮುಗಿಸಿ ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ಫೋಲ್ಡರ್ ಇರಲಿಲ್ಲ. ಹೊರಗಿನ ಡಿಸ್ಕಿನಿಂದ ತಂದುಕೊಡುತ್ತೇನೆ ಇರಮ್ಮ ಎಂದು ಅ-ಕುನ್ ಬ್ಯಾಕಪ್ ತೆರೆದ. ಅಲ್ಲೂ ಇರಲಿಲ್ಲ. ಅತ್ತೆ ಹೆಡ್‌ಫೋನ್ ತೆಗೆಯದೆ ಕಾಯುತ್ತಲೇ ಇದ್ದಳು.

ಆಗ ಯಾರನ್ನೂ ಕೇಳದೆ ನಾನು ತ್ಸಾಯ್-ಲ್ಯೆನ್‌ಗೆ ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದವಳು ಟೀ ಕೂಡ ಮುಟ್ಟದೆ ಕೀಬೋರ್ಡಿನ ಮುಂದೆ ಕುಳಿತು `df -h` ಎಂದು ಬರೆದು, ಅದರ ಮುಂದೆ ನಮ್ಮ ಕಥೆಗಳ ಫೋಲ್ಡರಿನ ಹೆಸರು ಮತ್ತು ಬ್ಯಾಕಪ್ ಫೋಲ್ಡರಿನ ಹೆಸರು ಸೇರಿಸಿದಳು. ಯಾವ ಫೋಲ್ಡರ್ ಯಾವ ಡಿಸ್ಕಿನಲ್ಲಿದೆ, ಎಷ್ಟು ತುಂಬಿದೆ ಎಂದು ಹೇಳುವ ಆಜ್ಞೆ ಅದು. ಎರಡರ ಎದುರಿಗೂ ಒಂದೇ ಡಿಸ್ಕಿನ ಹೆಸರು ಬಂತು. ಆಮೇಲೆ `findmnt /backup` ಎಂದು ಬರೆದಳು. ಬ್ಯಾಕಪ್ ಜಾಗಕ್ಕೆ ಯಾವ ಡಿಸ್ಕನ್ನು ಜೋಡಿಸಿದೆ ಎಂದು ಕೇಳುವ ಆಜ್ಞೆ. ಯಂತ್ರ ಒಂದಕ್ಷರವನ್ನೂ ಹೇಳಲಿಲ್ಲ. ಏನೂ ಜೋಡಿಸಿರಲಿಲ್ಲ.

"ಈ ಹೊರಗಿನ ಡಿಸ್ಕನ್ನ ಯಾವಾಗ ಕಿತ್ತಿದ್ರಿ?" ಎಂದು ಕೇಳಿದಳು.

ಯಾರೂ ಕಿತ್ತಿಲ್ಲ ಎಂದು ಅ-ಕುನ್ ಶುರುಮಾಡಿದ. ನನಗೆ ನೆನಪಾಯಿತು. ಹೋದ ವರ್ಷ ಪ್ರೇತಮಾಸದಲ್ಲಿ, ಹೊರಗಿನಿಂದ ಬರುವ ಹಸಿದ ಆತ್ಮಗಳಿಗೆ ಎಡೆ ಇಡುವ ದಿನ, ಮೇಜನ್ನು ಯಂತ್ರಕ್ಕೆ ಅಡ್ಡವಾಗಿ ಹಾಕಿ ಹಣ್ಣು, ಬಿಸ್ಕತ್ತು, ಬಿಯರು ಜೋಡಿಸಿದ್ದೆವು. ಯಂತ್ರಕ್ಕೂ ಪುಣ್ಯ ಬರಲಿ ಎಂದು ಅ-ಕುನ್‌ನದೇ ಹಟ. ಸೆಕೆ ತಾಳಲಾರದೆ ಫ್ಯಾನ್ ಹಾಕಲು ಪ್ಲಗ್ ಸಾಲದೆ, ಡಿಸ್ಕಿನ ವೈರು ಕಿತ್ತಿದ್ದ. ಇದನ್ನು ಹೇಳಿದರೆ ಅವನಿಗೆ ರೋಷ ಬಂತು.

"ಆತ್ಮಗಳಿಗೆ ಕಾಗದದ ದುಡ್ಡು ಸುಟ್ಟು ಮುಗಿದ ತಕ್ಷಣ ಮತ್ತೆ ಸಿಕ್ಕಿಸಿದ್ನಲ್ಲ. ಡಿಸ್ಕಿನ ದೀಪ ಉರೀತಿದೆ, ನೀವೇ ನೋಡಿ."

"ದೀಪ ಕರೆಂಟಿಗೆ ಉರಿಯುತ್ತೆ," ಎಂದಳು ತ್ಸಾಯ್-ಲ್ಯೆನ್. "ಡಿಸ್ಕ್ ವಾಪಸ್ ಬಂತು, ಸೇರಿಸ್ಕೋ ಅಂತ ಲಿನಕ್ಸಿಗೆ ಯಾರು ಹೇಳಿದ್ರು? ಅಂಗಡಿ ಹುಡುಗ ಒಂದ್ಸಲ ಕೈಯಲ್ಲಿ ಜೋಡಿಸಿ ಹೋದ, ಅಷ್ಟೇ. ಕಿತ್ತ ಮೇಲೆ `/backup` ಅನ್ನೋದು ಇದೇ ಯಂತ್ರದ ಒಳಗಿರೋ ಖಾಲಿ ಫೋಲ್ಡರು. ಅಡಿಗೆಮನೆ ಅಕ್ಕೀನ ನಡುಮನೇಲಿಟ್ಟು, ನೆರೆಮನೇಲಿಟ್ಟಿದೀನಿ ಅಂದ ಹಾಗಾಯ್ತು ನಿಮ್ಮ ಬ್ಯಾಕಪ್ಪು. ಎಲ್ಲ ಎರಡೆರಡು ಸಲ ಒಂದೇ ಡಿಸ್ಕಲ್ಲಿ ಕೂತು, ಅದಕ್ಕೇ ಜಾಗ ತುಂಬಿತು."

ಹಾಗಾದರೆ ಆ ನಡುಮನೆಯ ನಕಲಾದರೂ ಇರಬೇಕಿತ್ತಲ್ಲ, ಅದೆಲ್ಲಿ ಎಂದು ಅ-ಕುನ್ ಕೇಳಿದ. ಅವಳು ಸ್ಕ್ರಿಪ್ಟ್ ತೆರೆದು `--delete` ಎಂಬ ಒಂದು ಪದದ ಮೇಲೆ ಬೆರಳಿಟ್ಟಳು. ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸು ಎಂದು ಅದರ ಅರ್ಥ. ಅ-ಕುನ್ ಹಗಲು ಅಳಿಸಿದ್ದನ್ನು ಬೆಳಗಾಗುವುದರೊಳಗೆ ಸ್ಕ್ರಿಪ್ಟೂ ಅಳಿಸಿತ್ತು. ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿದ್ದರಿಂದಲೇ ಯಶಸ್ವಿ ಎಂದು ಮೆಸೇಜ್ ಕಳಿಸಿತ್ತು.

ಹೊರಗಿನ ಡಿಸ್ಕನ್ನು ಜೋಡಿಸಿ ನೋಡಿದೆವು. ಪ್ರೇತಮಾಸದವರೆಗಿನದೆಲ್ಲ ಅಲ್ಲಿ ಸುರಕ್ಷಿತವಾಗಿತ್ತು. ಮಾವ ಕೊನೆಗೆ ಕುಳಿತು ಹೇಳಿದ್ದು ಅದರ ನಂತರದ್ದು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಪ್ರಯತ್ನವನ್ನೂ ಅವಳು ಮಾಡಿದಳು. ಅಳಿಸಿದ ತಕ್ಷಣ ಯಂತ್ರ ನಿಲ್ಲಿಸಿದ್ದರೆ ಏನಾದರೂ ಸಿಗುತ್ತಿತ್ತೇನೋ. ಆದರೆ ಆ ಜಾಗದ ಮೇಲೆಯೇ ದಿನವಿಡೀ ತಮಟೆ ಬಾರಿಸಿ ರೆಕಾರ್ಡ್ ಮಾಡಿದ್ದೆವು. ನಕಲು ಅಳಿಸಿದ ಜಾಗದ ಮೇಲೆ ಸ್ಕ್ರಿಪ್ಟು ಅದೇ ತಮಟೆಯ ನಕಲನ್ನು ಬರೆದಿತ್ತು. ಅವಳು ತೆಗೆದ ಚೂರುಗಳನ್ನೆಲ್ಲ ಒಂದೊಂದಾಗಿ ಕೇಳಿದೆವು. ಬರೀ ತಮಟೆ.

ಮಾವ ಎದ್ದು ಹೊರಗೆ ಹೋದರು. ತ್ಸಾಯ್-ಲ್ಯೆನ್ ಅಲ್ಲಿಯವರೆಗೆ ತಡೆದುಕೊಂಡಿದ್ದಳು.

"ನಿಮ್ಮನ್ನ ಒಬ್ಬರನ್ನೇ ಬೈದು ಏನ್ ಪ್ರಯೋಜನ ಅ-ಕುನ್. ಕೂರಿಸಿದೋನು ಒಂದೇ ಒಂದು ಫೈಲ್ ವಾಪಸ್ ತೆಗೆದು ತೋರಿಸದೆ ಹೋದ. ನೀವು ಕೇಳ್ಲಿಲ್ಲ. ಇಡೀ ಊರೇ ಹೀಗೆ. ಮುಟ್ಬೇಡ, ನೋಡ್ಬೇಡ, ಯಂತ್ರ ಜಾಣ ಇದೆ, ಸುಮ್ನಿರು. ಯಂತ್ರಕ್ಕೆ ಜಾಣತನ ಎಲ್ಲಿಂದ ಬರ್ಬೇಕು? ನೋಡೋರಿಗೆ ಇರ್ಬೇಕು ಅದು."

ಏನು ಮಾಡಬೇಕು ಹೇಳಿ ಎಂದು ಅ-ಕುನ್ ಕೇಳಿದ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಂದೇ ಎಲ್ಲವೂ ಆಯಿತು. ಯಂತ್ರ ಪ್ರತಿ ಸಲ ಎದ್ದಾಗಲೂ ಹೊರಗಿನ ಡಿಸ್ಕನ್ನು ತಾನೇ ಜೋಡಿಸಿಕೊಳ್ಳುವಂತೆ `/etc/fstab` ಎಂಬ ಫೈಲಿನಲ್ಲಿ ಒಂದು ಸಾಲು ಬರೆದಳು. ಸ್ಕ್ರಿಪ್ಟಿನ ಮೊದಲಿಗೆ `mountpoint` ಎಂಬ ಪರೀಕ್ಷೆ ಹಾಕಿ, ಡಿಸ್ಕು ಜೋಡಿಸದೇ ಇದ್ದರೆ ನಕಲು ಮಾಡದೆ ಅಲ್ಲೇ ನಿಂತು ದೂರು ಕಳಿಸುವ ಹಾಗೆ ಮಾಡಿದಳು. `--delete` ತೆಗೆದು, ಹಳೆಯ ನಕಲುಗಳು ಕೆಲವು ತಿಂಗಳು ಹಾಗೇ ಉಳಿಯುವಂತೆ ಮಾಡಿದಳು. ಇನ್ನೊಂದು ಡಿಸ್ಕಿನಲ್ಲಿ ಎಲ್ಲವನ್ನೂ ತುಂಬಿಸಿ ದೌಲ್ಯೂ ಊರಿನ ಅತ್ತೆಯ ತಂಗಿಯ ಮನೆಗೆ ಕಳಿಸಿದೆವು. ವ್ಯಾಪಾರದವರು ನಾವು, ಚಾಂದ್ರಮಾನದ ಪ್ರತಿ ತಿಂಗಳ ಎರಡನೆಯ ಮತ್ತು ಹದಿನಾರನೆಯ ದಿನ ಭೂದೇವರಿಗೆ ಊದಿನಕಡ್ಡಿ ಹಚ್ಚುವುದನ್ನು ತಪ್ಪಿಸುವುದಿಲ್ಲ. ಈಗ ಅದೇ ದಿನಗಳಲ್ಲಿ ಅ-ಕುನ್ ಬ್ಯಾಕಪ್ಪಿನಿಂದ ಯಾವುದಾದರೂ ಒಂದು ಫೈಲನ್ನು ವಾಪಸ್ ತೆಗೆದು, ಮನೆಯವರೆಲ್ಲರ ಮುಂದೆ ಜೋರಾಗಿ ಹಾಕಿ ಕೇಳಿಸುತ್ತಾನೆ.

ಮೊದಲ ಸಲ ಕೇಳಿಸಿದಾಗ ಬಂದದ್ದು ಮದುವಣಗಿತ್ತಿಯ ಅಳು. ಆಮೇಲೆ ಕಳ್ಳನ ನಗು. ಕತ್ತರಿಸಿ ಓರಣ ಮಾಡಿದ್ದೆಲ್ಲ ಉಳಿದಿದೆ, ಮೇಳ ನಡೆಯುತ್ತದೆ, ಹೊಟ್ಟೆಗೆ ತೊಂದರೆಯಿಲ್ಲ. ಅತ್ತೆ ಕೊನೆಯವರೆಗೆ ಕೇಳಿದಳು.

"ಬೊಂಬೆಗಳೆಲ್ಲ ಮಾತಾಡ್ತವೆ," ಎಂದಳು. "ನನ್ನ ಬೈಯೋರು ಮಾತ್ರ ಇಲ್ಲ."

ಓದುವವರೇ, ನಿಮ್ಮ ಅಂಗಡಿಯ, ಶಾಲೆಯ, ಸಂಘದ ಯಂತ್ರದಲ್ಲೂ ಯಾರದೋ ಇಂಥದ್ದು ಏನೋ ಇದ್ದೇ ಇರುತ್ತದೆ. ಬ್ಯಾಕಪ್ ಆಗಿದೆಯೇ ಎಂದು ಕೇಳಬೇಡಿ, ಆಗಿದೆ ಎಂದೇ ಉತ್ತರ ಬರುತ್ತದೆ. ಅದು ಯಾವ ಡಿಸ್ಕಿನಲ್ಲಿದೆ ಎಂದು `df -h` ಮುಂದೆ ಫೋಲ್ಡರಿನ ಹೆಸರು ಬರೆದು ನಿಮ್ಮ ಕಣ್ಣಾರೆ ನೋಡಿ. ಅಲ್ಲಿಂದ ಒಂದು ಫೈಲನ್ನು ವಾಪಸ್ ತೆಗೆಯಿರಿ. ತೆರೆಯಿರಿ, ಓದಿ, ಕೇಳಿ. ಅದಾಗುವವರೆಗೆ ಏನನ್ನೂ ಅಳಿಸಬೇಡಿ. ನಾಳೆ ನೋಡೋಣ ಎನ್ನುವವರಿದ್ದರೆ ನಮ್ಮ ಮನೆಗೆ ಬನ್ನಿ, ಊಟದ ಹೊತ್ತು ಮುಗಿದ ಮೇಲೆ. ನನ್ನ ಅತ್ತೆಯ ಎದುರು ಕುಳಿತು ಆ ಮಾತನ್ನು ಇನ್ನೊಮ್ಮೆ ಹೇಳಿ.