ಖಾಲಿ ಕುರ್ಚಿಗೊಂದು ನಾಮಪದ

ಮಾತು ಬೆಳ್ಳಿ, ಮೌನ ಬಂಗಾರ, ಮಿಮಿಕ್ರಿ ಬರೀ ಗಿಲೀಟು. ಈ ಕಥೆಗೆ ಮಾತ್ರ ಗಿಲೀಟಿಲ್ಲ. ಎಂಬತ್ತೇಳನೇ ಇಸವಿಯಲ್ಲಿ ನಡೆದದ್ದು, ನಿಜ.

ಮಲಾಡಿನ ಆಫೀಸಿನಲ್ಲಿ ತಿರುಮಲೇಶ ಎಲ್ಲರ ದನಿಯನ್ನೂ ಕದಿಯುತ್ತಿದ್ದ. ಪಕ್ಕದ ಮೇಜಿನ ರಾಮಸ್ವಾಮಿಗಳು ತಮ್ಮದೇ ಭಾಷೆಯೊಂದನ್ನು ಕಟ್ಟಿ ಡೈರಿಯಲ್ಲಿ ಬರೆದಿಟ್ಟಿದ್ದರು. ಅದನ್ನು ಇಣುಕಿ ನೋಡಿದ ಮೇಲೆ ಅವನು ಸುಮ್ಮನಿರುವುದುಂಟೆ? ಊಟದ ಹೊತ್ತಿನಲ್ಲಿ ಕೆಳಗಿನ ಅಂಗಡಿಯಿಂದ ಮೇಲಕ್ಕೆ ಫೋನು ಮಾಡಿದ. ಕಾಂದಿವಲಿಯ ಮಗಳ ಮನೆಗೆ ಬಂದಿರುವ ಧಾರವಾಡದ ಪ್ರೊಫೆಸರ್ ಬಸವಂತರಾಯನಾಗಿ.

“ನಮಸ್ಕಾರ್ರೀ ಸಾಹೇಬ್ರ. ನೀವೊಂದ್ ಭಾಷಾ ಕಟ್ಟೀರಂತ ನಿಮ್ಮ ಆಫೀಸಿನವ್ರು ಹೇಳಿದ್ರು. ನಿಮ್ಮ ಭಾಷಾದಾಗ ನಾಮಪದ ಎಷ್ಟ್ ಥರಾ ಅದಾವ್ರೀ?”

“ಮೂರು, ಸಾರ್!” ರಾಮಸ್ವಾಮಿಗಳು ಡೈರಿ ಮಗುಚಿದ ಸದ್ದು ಕೇಳಿಸಿತು. “‘ಕೊಟ’ ಅಂದ್ರೆ ಕೂರೋದು. ‘ಮು’ ಸೇರಿಸಿದ್ರೆ ವಸ್ತು, ಕೊಟಮು, ಕುರ್ಚಿ. ‘ಲಿ’ ಸೇರಿಸಿದ್ರೆ ಮನುಷ್ಯರು, ಕೊಟಲಿ, ಕೂತವರು. ಮುಂದುಗಡೆ ‘ನೆ’ ಬಂತೋ, ಇರಬೇಕಾಗಿತ್ತು, ಇಲ್ಲ ಅಂತ.”

ಮೂರು ವಾರ ಹೀಗೇ ನಡೆಯಿತು. ಸಿಕ್ಕಿಬೀಳಬಾರದಲ್ಲ, ತಿರುಮಲೇಶ ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಪದಗಳನ್ನು ಉರುಹೊಡೆದ. ಕೊನೆಗೆ ‘ಪ್ರೊಫೆಸರು’ ಆಂಟಾಪ್ ಹಿಲ್‌ನ ಕನ್ನಡ ಸಂಘದ ಹಾಲ್‌ನಲ್ಲಿ ಭಾನುವಾರ ರಾಮಸ್ವಾಮಿಗಳ ಉಪನ್ಯಾಸ ಇಟ್ಟೇಬಿಟ್ಟರು.

ಶನಿವಾರ ರಾಮಸ್ವಾಮಿಗಳು ಊಟದ ಡಬ್ಬಿ ಹಿಡಿದು ಅವನ ಬಳಿ ಕೂತರು. “ನೀನೂ ಬಾರಯ್ಯ. ಚಾಳಿನ ಒಂದೇ ಕೋಣೆ, ತುಂಬ ಜನ. ಗುಟ್ಟಾಗಿ ಮಾತಾಡೋಕೆ ಅಂತ ನಾನೂ ನನ್ನ ಹೆಂಡ್ತಿ ಸುಬ್ಬಲಕ್ಷ್ಮೀನೂ ಕಟ್ಟಿದ ಭಾಷೆ ಅದು. ಅವಳು ಹೋಗಿ ಎರಡು ವರ್ಷ. ಇನ್ನು ನನ್ನ ಜೊತೇನೇ ಅದೂ ಮುಗಿಯತ್ತೆ ಅಂದ್ಕೊಂಡಿದ್ದೆ.”

ತಿರುಮಲೇಶ ತನ್ನ ಡಬ್ಬಿ ಮುಚ್ಚಿ, ಬರುತ್ತೇನೆಂದು ತಲೆಯಾಡಿಸಿದ.

ಭಾನುವಾರ ಇಸ್ತ್ರಿ ಶರ್ಟು ತೊಟ್ಟು, ಕೈಯಲ್ಲಿ ಸುತ್ತಿದ ಚಾರ್ಟು ಹಿಡಿದು ರಾಮಸ್ವಾಮಿಗಳು ಬಂದರು. ಹಾಲ್‌ನಲ್ಲಿ ನಲವತ್ತು ಖಾಲಿ ಕುರ್ಚಿ. ತಿರುಮಲೇಶ ಬಾಗಿಲಲ್ಲೇ ನಿಂತ.

“ಸಾರ್... ಬಸವಂತರಾಯ ಬರಲ್ಲ. ಅವನು ನಾನೇ.”

ರಾಮಸ್ವಾಮಿಗಳು ಚಾರ್ಟು ಬಿಚ್ಚಲಿಲ್ಲ. ಖಾಲಿ ಸಾಲುಗಳತ್ತ ಬೆರಳು ತೋರಿಸಿದರು. “ಇದಕ್ಕೇನಂತೀಯ?”

“ನೆಕೊಟಲಿ,” ಎಂದುಬಿಟ್ಟ, ಯೋಚಿಸದೆ. ಕೂತಿರಬೇಕಾಗಿದ್ದ, ಇಲ್ಲದ ಜನ. ಆ ಪದವನ್ನು ಅವರು ಫೋನಿನಲ್ಲಿ ಹೇಳಿಕೊಟ್ಟಿರಲೇ ಇಲ್ಲ.

ರಾಮಸ್ವಾಮಿಗಳ ಭುಜ ಅದುರಿತು. ಅಳುತ್ತಿದ್ದಾರೆಂದುಕೊಂಡ.

“ಎಲಾ ಕಳ್ಳ! ನನಗೆ ಟೋಪಿ ಹಾಕೋಕೆ ಹೋಗಿ ಭಾಷೇನೇ ಕಲ್ತುಬಿಟ್ಟೆಯಲ್ಲೋ! ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ. ನಾಳೆಯಿಂದ ಊಟಕ್ಕೆ ನನ್ನ ಮೇಜಿಗೇ ಬಾ, ಫೋನ್ ಖರ್ಚು ಯಾಕೆ!”

ತಿರುಮಲೇಶನೂ ನಗಲು ನೋಡಿದ, ಆಗಲಿಲ್ಲ. ನಲವತ್ತು ಕುರ್ಚಿಯೂ ತುಂಬುವಷ್ಟು ಜೋರಾಗಿ ನಗುತ್ತಿದ್ದವರು ರಾಮಸ್ವಾಮಿಗಳೊಬ್ಬರೇ.