ಟೈಲರಣ್ಣನ ಎದೆಯೂ ಪ್ರಯಾಣದ ವಿಮೆಯೂ

ಮನೆಯಲ್ಲಿ ಯಾರಿಗೋ ದೊಡ್ಡ ಕಾಯಿಲೆ ಬಂದು ವಾಸಿಯಾಯಿತು ಅನ್ನಿ. ಆಮೇಲೆ ನಾವು ಏನು ಮಾಡುತ್ತೇವೆ? ಅದರ ಹೆಸರೇ ಎತ್ತುವುದಿಲ್ಲ. ಎತ್ತಿದರೆ ಮಲಗಿದ್ದು ಎದ್ದು ಬಂದೀತು ಎಂಬ ಭಯ. ನಮ್ಮ ಬೀದಿಯ ಟೈಲರಣ್ಣನೂ ಹಾಗೇ ಬಾಯಿ ಮುಚ್ಚಿಕೊಂಡು ಸಮುದ್ರ ದಾಟಲು ಹೊರಟಿದ್ದ. ಅವನ ಹೆಂಡತಿ ಬಿಡಬೇಕಲ್ಲ!

ಅವನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿದೆ. ಎಷ್ಟು ಚಿಕ್ಕದೆಂದರೆ, ಒಬ್ಬ ಗಿರಾಕಿ ಅಳತೆ ಕೊಡಲು ಕೈ ಚಾಚಿದರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಒಳಗೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು. ಬಾಗಿಲ ಬಳಿಯ ಬೆಂಚಿನಲ್ಲಿ ಹೆಂಡತಿ. ಅಂಗಿಗಳಿಗೆ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ಅದಕ್ಕೇ ಬೀದಿಯವರೆಲ್ಲ ಅವಳನ್ನು ಕಾಜಕ್ಕ ಎನ್ನುತ್ತಾರೆ.

ಟೈಲರಣ್ಣ ಹೊಲಿಗೆಯಲ್ಲಿ ಜಾಣ, ರಫು ಮಾಡುವುದರಲ್ಲಂತೂ ಮಹಾಜಾಣ. ಇಲಿ ಕಡಿದ ಕೋಟಾಗಲಿ, ಕಿಡಿ ಬಿದ್ದ ಶಾಲಾಗಲಿ, ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ, ತೂತಿನ ಮೇಲೆ ಅಡ್ಡ ಉದ್ದ ನೇಯ್ದುಬಿಡುತ್ತಾನೆ. ಆಮೇಲೆ ಗಿರಾಕಿಯ ಕೈಗೆ ಕೊಟ್ಟು, "ಎಲ್ಲಿತ್ತು ತೂತು? ತೋರಿಸಿ ನೋಡೋಣ" ಎಂದು ಮೀಸೆಯಡಿ ನಗುತ್ತಾನೆ. ಗಿರಾಕಿ ಹುಡುಕುತ್ತಾ ನಿಂತರೆ ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷ.

ಹೋದ ವರ್ಷದ ಹಿಂದಿನ ವರ್ಷ ಅವನಿಗೆ ಎದೆನೋವು ಬಂತು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಡಾಕ್ಟರು ನಾಳದೊಳಗೆ ಸ್ಟೆಂಟ್ ಎನ್ನುವ ಪುಟ್ಟ ಜಾಲರಿ ಕೂರಿಸಿ ದಾರಿ ಬಿಡಿಸಿದರು. ಆ ದಿನವೆಲ್ಲ ಕಾಜಕ್ಕ ಆಸ್ಪತ್ರೆಯ ಬಾಗಿಲ ಹೊರಗೆ ಒಬ್ಬಳೇ ಕೂತಿದ್ದಳು. ಈಗಲೂ ಅವನು ಮಲಗಿ ನಿದ್ದೆ ಹೋದ ಮೇಲೆ ಅವನ ಉಸಿರು ಕೇಳಿಸಿಕೊಂಡೇ ಅವಳು ಕಣ್ಣು ಮುಚ್ಚುವುದು.

ಇಂಥವನಿಗೆ ಈಗ ಪ್ರಯಾಣದ ಯೋಗ ಬಂದಿತ್ತು. ಅವನ ದೊಡ್ಡಕ್ಕ ದೂರದ ದೇಶದಲ್ಲಿದ್ದಾಳೆ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಸೂಜಿಗೆ ದಾರ ಪೋಣಿಸಲು ಕಲಿಸಿದವಳು ಅವಳೇ. ಈಗ ಅವಳಿಗೆ ಮಂಡಿ ನೋವು, ವಿಮಾನ ಹತ್ತಲಾರಳು. "ಕಣ್ಣು ಚೆನ್ನಾಗಿರೋವಾಗ ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೋ" ಎಂದು ಫೋನಿನಲ್ಲಿ ಅತ್ತಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ ಆಗಿತ್ತು. ಪ್ರಯಾಣದ ವಿಮೆಯೊಂದು ಬಾಕಿ ಇತ್ತು.

ವಿಮೆಯ ಅರ್ಜಿ ತುಂಬಿ ಇಸ್ತ್ರಿ ಮೇಜಿನ ಮೇಲಿಟ್ಟಿದ್ದ ಟೈಲರಣ್ಣ. ಕಾಜಕ್ಕ ಕನ್ನಡಕ ಏರಿಸಿ ಓದಿದಳು.

"ಏನ್ರೀ ಇದು? ಹೃದಯದ ಕಾಯಿಲೆ ಇದೆಯಾ, ಮೊದಲು ಇತ್ತಾ ಅಂತ ಕೇಳಿದಾರೆ. ನೀವು ಇಲ್ಲ ಅಂತ ಬರ್ದಿದೀರಲ್ಲ?"

"ಇಲ್ಲ ತಾನೇ? ಡಾಕ್ಟರು ರಫು ಮಾಡಿದ್ರಲ್ಲ. ರಫು ಆದ ಮೇಲೆ ಹರಿದಿತ್ತು ಅಂತ ಹೇಳಿಕೊಂಡು ಓಡಾಡ್ತಾರೇನೇ? ಮಾಡಿದವನಿಗೆ ಅವಮಾನ ಅದು."

"ಓಹೋ. ಹಾಗಾದ್ರೆ ದಿನಾ ಬೆಳಿಗ್ಗೆ ನುಂಗೋದು ಮಾತ್ರೆ ಅಲ್ಲ, ಪೆಪ್ಪರಮೆಂಟು."

ಟೈಲರಣ್ಣ ಯಂತ್ರದ ಚಕ್ರ ತಿರುಗಿಸಿದ. ಜಗಳ ಬೇಡವಾದಾಗ ಅವನು ಮಾಡುವುದು ಇದೇ. ಆದರೆ ಯಂತ್ರದಲ್ಲಿ ಬಟ್ಟೆಯೇ ಇರಲಿಲ್ಲ. ಕೊನೆಗೆ ಅವನೇ ನಿಲ್ಲಿಸಿ ಮೆಲ್ಲಗೆ ಹೇಳಿದ.

"ಪಕ್ಕದ ಅಂಗಡಿ ಕ್ಷೌರಿಕ ಏನಂದ ಗೊತ್ತಾ? ಎದೆ ವಿಷಯ ಎತ್ತಿದ್ರೆ ವಿಮೆ ಕೊಡೋದೇ ಇಲ್ವಂತೆ. ವಿಮೆ ಇಲ್ದೆ ನೀನು ನನ್ನ ಹೊಸಿಲು ದಾಟಕ್ಕೆ ಬಿಡಲ್ಲ. ದೊಡ್ಡಕ್ಕನ್ನ ನೋಡೋದು ಹೇಗೆ ಹೇಳು?"

ಕಾಜಕ್ಕ ಅರ್ಜಿಯನ್ನು ಮೇಜಿನ ಮೇಲಿಟ್ಟು ಬೆಂಚಿಗೆ ಹೋದಳು. ಅವಳಿಗೂ ಆ ಅತ್ತಿಗೆಯೆಂದರೆ ಪ್ರಾಣ.

ಸಂಜೆ ನರ್ಸಮ್ಮ ಬಂದಳು. ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳ ಸಮವಸ್ತ್ರ ಹೊಲಿಯುವುದು ಇದೇ ಅಂಗಡಿಯಲ್ಲಿ. ಕಾಜಕ್ಕ ಗಂಡನ ಹೆಸರು ಹೇಳದೆ ಉಪಾಯವಾಗಿ ಕೇಳಿದಳು.

"ಯಾರೋ ಒಬ್ರು ಹೃದಯದ ಕಾಯಿಲೆ ಮುಚ್ಚಿಟ್ಟು ಪ್ರಯಾಣದ ವಿಮೆ ತಗೊಂಡ್ರೆ ಏನಾಗುತ್ತೆ ನರ್ಸಮ್ಮ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೈಲರಣ್ಣನ ಕೈ ತಾನಾಗಿ ಎದೆಗೆ ಹೋಯಿತು. ನರ್ಸಮ್ಮ ನಕ್ಕಳು.

"ಯಾರೋ ಒಬ್ರಿಗೆ ಹೇಳಿ ಕಾಜಕ್ಕ. ಏನೂ ಆಗದೇ ಇದ್ರೆ ಏನೂ ಆಗಲ್ಲ. ಆದ್ರೆ ಅಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದ್ರು ಅನ್ಕೊಳಿ. ಅಲ್ಲಿನ ಡಾಕ್ಟರು ಮೊದಲು ನೋಡೋದು ಹಳೇ ಸ್ಟೆಂಟನ್ನ. ವಿಮೆಯವರು ಇಲ್ಲಿನ ಹಳೇ ದಾಖಲೆ ಕೇಳ್ತಾರೆ. ಮುಚ್ಚಿಟ್ಟಿದ್ದು ಗೊತ್ತಾದ್ರೆ ದುಡ್ಡು ಕೊಡಲ್ಲ ಅನ್ನಬಹುದು, ಪಾಲಿಸೀನೇ ರದ್ದು ಮಾಡಬಹುದು. ಹೊರದೇಶದ ಆಸ್ಪತ್ರೆ ಬಿಲ್ಲು ಸಾಮಾನ್ಯದ್ದಾ? ಕೊನೆಗೆ ಅದು ಬೀಳೋದು ಯಾರ ತಲೆ ಮೇಲೆ? ಯಾರ ಮನೇಲಿ ಉಳ್ಕೊಂಡಿರ್ತಾರೋ ಅವರ ಮೇಲೆ."

"ಹೇಳಿದ್ರೆ ವಿಮೆ ಕೊಡಬೇಕಲ್ಲಮ್ಮ!" ಟೈಲರಣ್ಣ ತಡೆಯಲಾರದೆ ಅಂದ.

"ಒಬ್ರು ಕೊಡಲ್ಲ ಅನ್ನಬಹುದಣ್ಣ. ಎಲ್ಲರೂ ಅನ್ನಲ್ಲ. ಕೇಳಿ ನೋಡದೆ ಹೆಂಗೆ ಗೊತ್ತಾಗುತ್ತೆ?"

"ನೋಡೋಣ, ನೋಡೋಣ" ಅಂದ ಟೈಲರಣ್ಣ. ಅವನ 'ನೋಡೋಣ' ಎಂದರೆ 'ಆಗಲ್ಲ' ಎಂದರ್ಥವೆಂದು ಕಾಜಕ್ಕನಿಗೆ ಗೊತ್ತಿಲ್ಲವೇ? ಗಂಡ ಅರ್ಜಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಳ್ಳುವುದನ್ನೂ ಅವಳು ನೋಡಿದಳು.

ಮಾರನೆಯ ದಿನ ಬೆಳಿಗ್ಗೆ ವಕೀಲರೊಬ್ಬರು ತಮ್ಮ ಕಪ್ಪು ಕೋಟು ತಂದುಕೊಟ್ಟರು. ಹಳೆಯ ಗಿರಾಕಿ. ತೋಳು ಸ್ವಲ್ಪ ಗಿಡ್ಡ ಮಾಡಿ, ಇಸ್ತ್ರಿ ಹಾಕಿ ಕೊಡಬೇಕಿತ್ತು.

"ಮೊದಲು ಎಲ್ಲಾದರೂ ರಫು ಆಗಿದೆಯಾ ಸಾರ್?" ಎಂದು ಟೈಲರಣ್ಣ ಕೇಳಿದ. ಯಾವ ಬಟ್ಟೆ ಬಂದರೂ ಇಸ್ತ್ರಿಗೆ ಮುಂಚೆ ಈ ಮಾತು ಕೇಳದೆ ಅವನು ಬಿಡುವುದಿಲ್ಲ.

"ಇಲ್ಲಪ್ಪ" ಅಂದರು ವಕೀಲರು, ಬೀದಿಯ ಕಡೆ ನೋಡುತ್ತಾ.

ತೋಳಿನ ಕೆಲಸ ಮುಗಿಯಿತು. ಟೈಲರಣ್ಣ ಬಿಸಿ ಇಸ್ತ್ರಿಯನ್ನು ಬೆನ್ನ ಮೇಲೆ ಒತ್ತಿದ. ಚುರ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಎತ್ತಿ ನೋಡಿದರೆ ಹೆಗಲ ಕೆಳಗೆ ಬಟ್ಟೆ ಮುದುಡಿ ತೂತಾಗಿತ್ತು. ಯಾರೋ ಅಲ್ಲಿ ನೈಲಾನ್ ದಾರದಿಂದ ರಫು ಮಾಡಿದ್ದರು. ಕಾವು ತಾಗಿದ್ದೇ ತಡ, ದಾರ ಕರಗಿ ಸುತ್ತಲಿನ ಬಟ್ಟೆಯನ್ನೂ ಎಳೆದುಕೊಂಡಿತ್ತು.

ಬಾಗಿಲಲ್ಲೇ ಕಾಯುತ್ತಿದ್ದ ವಕೀಲರ ಮುಖ ಹುಳ್ಳಗಾಯಿತು. "ಹೋದ ತಿಂಗಳು ಅವಸರದಲ್ಲಿ ಬೇರೆ ಅಂಗಡೀಲಿ ಕೊಟ್ಟಿದ್ದೆ ಕಣಪ್ಪ. ನಿನಗೆ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ..."

ಟೈಲರಣ್ಣ ಕೆಂಡವಾದ. "ಬೇಜಾರಾದ್ರೆ ಆಗ್ಲಿ ಸಾರ್, ಅದಕ್ಕೇನೀಗ? ರಫು ಆಗಿರೋದು ತಪ್ಪಲ್ಲ, ಹೇಳದೇ ಇರೋದು ತಪ್ಪು! ಹೇಳಿದ್ರೆ ಕಾವು ಕಮ್ಮಿ ಮಾಡ್ತಿದ್ದೆ, ಮೇಲೊಂದು ಒದ್ದೆ ಬಟ್ಟೆ ಹಾಕ್ತಿದ್ದೆ. ಹರಿದಿದ್ದಕ್ಕೆ ದಾರಿ ಇದೆ ಸಾರ್, ಮುಚ್ಚಿಟ್ಟಿದ್ದಕ್ಕೆ ನಾನೇನು ಮಾಡ್ಲಿ?"

ವಕೀಲರು ತಲೆ ತಗ್ಗಿಸಿ ಕೋಟನ್ನು ಅಲ್ಲೇ ಬಿಟ್ಟು ಹೋದರು. ಟೈಲರಣ್ಣ ಇನ್ನೂ ಗೊಣಗುತ್ತಲೇ ಇದ್ದ. ಬೆಂಚಿನ ಮೇಲಿಂದ ಕಾಜಕ್ಕನ ದನಿ ಬಂತು.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

"ಯಾರಿಗೆ ಹೇಳ್ತಿದೀಯೆ?"

"ಜೇಬಲ್ಲಿ ಅರ್ಜಿ ಇಟ್ಕೊಂಡು ವಕೀಲರಿಗೆ ಬುದ್ಧಿ ಹೇಳಿದ್ರಲ್ಲ, ಅವರಿಗೆ."

 ಕಾಜಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಹತ್ತಿರ ಬಂದಳು. ಈಗ ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ.

"ಭಾಷೆ ಬಾರದ ಊರಲ್ಲಿ ನೀವು ಮಲಗಿಬಿಟ್ರೆ, ಕೈಯಲ್ಲಿ ಸುಳ್ಳು ವಿಮೆ ಹಿಡ್ಕೊಂಡು ನಾನು ಯಾರ ಹತ್ರ ಹೋಗ್ಲಿ? ಒಂದ್ಸಲ ಆ ಬಾಗಿಲ ಹೊರಗೆ ಕೂತಿದ್ದು ಸಾಕು ಕಣ್ರೀ. ಇನ್ನೊಂದ್ಸಲ ಕೂರೋ ಹಾಗಾದ್ರೆ, ಒಳಗಡೆ ನಿಮ್ಮ ಚಿಕಿತ್ಸೆ ನಿಲ್ಲಲ್ಲ ಅನ್ನೋ ಧೈರ್ಯನಾದ್ರೂ ನನಗೆ ಬೇಕು."

ಅವನು ಜೇಬಿನಿಂದ ಅರ್ಜಿ ತೆಗೆದ. ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದ. ಹೊಸದೊಂದನ್ನು ತಂದು ಇಬ್ಬರೂ ಕೂತು ಬರೆದರು. ಸ್ಟೆಂಟ್ ಹಾಕಿದ್ದು, ಆಸ್ಪತ್ರೆಯಲ್ಲಿದ್ದದ್ದು, ರಕ್ತದೊತ್ತಡ, ಎಲ್ಲ ಮಾತ್ರೆಗಳ ಹೆಸರು, ಒಂದನ್ನೂ ಬಿಡಲಿಲ್ಲ.

ಸತ್ಯ ಹೇಳಿದ ತಕ್ಷಣ ಎಲ್ಲ ಸರಿಹೋಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಮೊದಲ ಕಂಪನಿ ಆಗಲ್ಲ ಅಂದಿತು. ಟೈಲರಣ್ಣ ಎರಡು ದಿನ ಮಂಕಾಗಿ ಕೂತ. ಕ್ಷೌರಿಕ ಬಾಗಿಲಲ್ಲಿ ಇಣುಕಿ, "ನಾನು ಮೊದಲೇ ಹೇಳಿರಲಿಲ್ವಾ?" ಎಂದು ಕೇಳಿ ಹೋದ. ಕಾಜಕ್ಕ ನರ್ಸಮ್ಮನನ್ನು ಕರೆತಂದಳು.

"ಒಂದು ಅಂಗಡೀಲಿ ಬಟ್ಟೆ ಸಿಗಲಿಲ್ಲ ಅಂತ ಬೆತ್ತಲೆ ತಿರುಗ್ತೀವಾ ಅಣ್ಣ?" ಅಂದಳು ನರ್ಸಮ್ಮ. "ಇನ್ನೊಂದು ಕಡೆ ಕೇಳಿ. ಕೇಳುವಾಗ ಇದನ್ನೂ ಕೇಳಿ: ಮೊದಲೇ ಇರೋ ಕಾಯಿಲೆಯಿಂದ ತೊಂದರೆ ಆದ್ರೆ ಖರ್ಚು ಕೊಡ್ತೀರಾ? ಎಷ್ಟರವರೆಗೆ? ಜೀವಕ್ಕೆ ಅಪಾಯ ಇದ್ರೆ ಮಾತ್ರಾನಾ? ಕೆಲವು ವಿಮೆ ಅಗ್ಗ ಇರ್ತಾವೆ, ಒಳಗೆ ನೋಡಿದ್ರೆ ಹೃದಯಾನೇ ಬಿಟ್ಟಿರ್ತಾರೆ. ಬಾಯಿಮಾತು ನಂಬಬೇಡಿ, ಪಾಲಿಸೀಲಿ ಬರೆದಿದೆಯಾ ನೋಡಿ. ನಿಮ್ಮ ಹೃದಯದ ಡಾಕ್ಟರ ಹತ್ರ ಹೋಗಿ, ಪ್ರಯಾಣ ಮಾಡಬಹುದಾ ಅಂತ ಪರೀಕ್ಷೆ ಮಾಡಿಸಿ ಪತ್ರ ತಗೊಳ್ಳಿ."

ಡಾಕ್ಟರು ಪರೀಕ್ಷಿಸಿ, ಹೋಗಿಬನ್ನಿ ಎಂದು ಪತ್ರ ಕೊಟ್ಟರು. ಎರಡನೆಯ ಕಂಪನಿ ಆ ಪತ್ರ ನೋಡಿ ಒಪ್ಪಿತು. ಕಂತು ಸ್ವಲ್ಪ ಹೆಚ್ಚೇ ಆಯಿತು. ಆದರೆ ಹೃದಯದ ತುರ್ತು ಚಿಕಿತ್ಸೆಗೆ ಎಷ್ಟರವರೆಗೆ ಕೊಡುತ್ತೇವೆ ಎಂದು ಪಾಲಿಸಿಯಲ್ಲೇ ಸ್ಪಷ್ಟವಾಗಿ ಬರೆದಿತ್ತು. ಕಾಜಕ್ಕ ಆ ಸಾಲನ್ನು ಗಟ್ಟಿಯಾಗಿ ಓದಿದಳು, ಕ್ಷೌರಿಕನಿಗೂ ಕೇಳಿಸಲಿ ಎಂದು.

ನರ್ಸಮ್ಮ ಕೊನೆಯದಾಗಿ ಒಂದು ಮಾತು ಹೇಳಿದಳು. "ಹೊರಡೋದ್ರೊಳಗೆ ಮಾತ್ರೆ ಬದಲಾದ್ರೆ, ಮತ್ತೆ ನೋವು ಬಂದ್ರೆ, ವಿಮೆಯವರಿಗೆ ತಿಳಿಸಿ. ಮಾತ್ರೆಗಳು ಕೈಚೀಲದಲ್ಲೇ ಇರ್ಲಿ, ಡಾಕ್ಟರ ಚೀಟಿ ಜೊತೆಗೆ. ಏನಾದ್ರೂ ಆದ್ರೆ ಮೊದಲು ಆಸ್ಪತ್ರೆ, ಕೂಡಲೇ ವಿಮೆಯವರ ಸಹಾಯವಾಣಿಗೆ ಫೋನು. ಆ ನಂಬರು ನಿಮ್ಮ ಅಕ್ಕನ ಹತ್ರಾನೂ ಇರ್ಲಿ. ನಿಮ್ಮ ಎದೆ ವಿಷಯ ಅವರಿಗೆ ಗೊತ್ತು ತಾನೇ?"

ಟೈಲರಣ್ಣ ಕಾಜಕ್ಕನ ಮುಖ ನೋಡಿದ. ಕಾಜಕ್ಕ ನೆಲ ನೋಡಿದಳು. ಆಸ್ಪತ್ರೆಯಿಂದ ಬಂದ ದಿನ ಇಬ್ಬರೂ ಸೇರಿಯೇ ತೀರ್ಮಾನ ಮಾಡಿದ್ದರು, ಅಷ್ಟು ದೂರ ಕೂತು ಕೊರಗುವುದು ಬೇಡ, ದೊಡ್ಡಕ್ಕನಿಗೆ ಹೇಳುವುದೇ ಬೇಡ ಎಂದು.

ನರ್ಸಮ್ಮ ಹೋದ ಮೇಲೆ ಟೈಲರಣ್ಣ ಅಂಗಡಿಯ ಬಾಗಿಲು ಅರ್ಧ ಎಳೆದು ಫೋನು ಹಚ್ಚಿದ. ವಿಮೆಯವರಿಗೆ ಒಂದನ್ನೂ ಬಿಡದೆ ಬರೆದುಕೊಟ್ಟವನು, ಮಂಡಿ ನೋವು ಹೇಗಿದೆ ಎಂದು ಅಕ್ಕನನ್ನು ಎರಡೆರಡು ಸಲ ಕೇಳಿದ. ಕಾಜಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು.

"ದೊಡ್ಡಕ್ಕ, ನನ್ನ ಎದೆಗೆ ಒಂದು ರಿಪೇರಿ ಆಗಿದೆ. ನಿನಗೆ ಹೇಳಿರಲಿಲ್ಲ."

 ಆ ಕಡೆಯಿಂದ ಶುರುವಾಯಿತು ನೋಡಿ ಬೈಗುಳ! "ನಿನ್ನ ಎತ್ತಿ ಆಡಿಸಿದವಳು ಕಣೋ ನಾನು, ನನಗೆ ಮುಚ್ಚಿಡ್ತೀಯಾ? ಯಾರೋ ದಾರಿಹೋಕಳಾ ನಾನು?" ಟೈಲರಣ್ಣ ಚಿಕ್ಕ ಹುಡುಗನ ಹಾಗೆ "ಇಲ್ಲಕ್ಕ, ತಪ್ಪಾಯ್ತಕ್ಕ" ಅನ್ನುತ್ತಾ ಕಣ್ಣೊರೆಸಿಕೊಂಡ. ಬೈದು ಬೈದು ಅವಳಿಗೇ ಸಾಕಾಯಿತು. ಕೊನೆಗೆ ದನಿ ಇಳಿಯಿತು.

"ನಿನಗೆ ಅಂತ ಮಹಡಿ ಮೇಲಿನ ಕೋಣೆ ಸಿದ್ಧ ಮಾಡಿಸಿದ್ದೆ ಕಣೋ. ಎಷ್ಟೊಂದು ಮೆಟ್ಟಿಲು! ದಿನಾ ಹತ್ತಿಸಿ ಇಳಿಸಿಬಿಡ್ತಿದ್ದೆನಲ್ಲೋ ನಿನ್ನ... ಇವತ್ತೇ ನಿನ್ನ ಹಾಸಿಗೆ ಕೆಳಗಡೆ ನನ್ನ ಪಕ್ಕದ ಕೋಣೆಗೆ ಹಾಕಿಸ್ತೀನಿ. ಆ ವಿಮೆ ನಂಬರು ಹೇಳು, ಬರ್ಕೋತೀನಿ. ನೀನು ಬಾ."

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಹೃದಯ ಇರಬಹುದು. ಅದಕ್ಕೂ ದೂರದಲ್ಲಿರುವ ಯಾರನ್ನೋ ನೋಡುವ ಆಸೆ ಇರಬಹುದು. ಕಾಯಿಲೆ ಇದೆಯೆಂದು ಆ ಆಸೆಯನ್ನು ಬಿಡಬೇಡಿ, ಆಸೆಯಿದೆಯೆಂದು ಕಾಯಿಲೆಯನ್ನು ಮುಚ್ಚಿಡಬೇಡಿ. ಟಿಕೆಟ್ ಮಾಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ವಿಮೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಬ್ಬರು ಒಲ್ಲೆ ಎಂದರೆ ಇನ್ನೊಬ್ಬರನ್ನು ಕೇಳಿ. ನಿಮ್ಮ ಕಾಯಿಲೆಗೆ ರಕ್ಷಣೆ ಇದೆಯೆಂದು ಪಾಲಿಸಿಯಲ್ಲಿ ಕಣ್ಣಾರೆ ಓದಿದ ಮೇಲೆಯೇ ಹೊರಡಿ. ಮತ್ತೆ, ನೀವು ಯಾರ ಮನೆಗೆ ಹೋಗುತ್ತಿದ್ದೀರೋ ಅವರಿಗೆ ಇವತ್ತೇ ಒಂದು ಫೋನು ಮಾಡಿ. ಬೈದರೆ ಬೈಸಿಕೊಳ್ಳಿ. ನಿಮಗಾಗಿ ಕಾಯುತ್ತಿರುವವರಿಗೆ, ನಿಮ್ಮನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿದಿರಲಿ.