ಗೊಂಬೆಯ ಎದೆ

ಯಲ್ಲಾಲಿಂಗನಿಗೆ ಆಂಬುಲೆನ್ಸ್ ಕೆಲಸದ ಮೊದಲ ಹಂತದ ಸರ್ಟಿಫಿಕೇಟು ಸಿಕ್ಕಿ ಮೂರೇ ದಿನವಾಗಿತ್ತು. ತರಬೇತಿಯಲ್ಲಿ ಅವನು ಒತ್ತಿದ್ದೆಲ್ಲ ರಬ್ಬರ್ ಗೊಂಬೆಯ ಎದೆ. ಆಳ ಸರಿಯಿದ್ದರೆ ಗೊಂಬೆ ಟಕ್ ಎನ್ನುತ್ತಿತ್ತು, ಮಾಸ್ತರರು ಪಾಸು ಮಾಡುತ್ತಿದ್ದರು.

ಈಗ ಜೋಗೇಶ್ವರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಗಾಡಿಯೊಳಗೆ ಧರ್ಮಣ್ಣ ಎಂಬ ಗಾರೆ ಕೆಲಸದ ಗೌಂಡಿಯ ಉಸಿರು ನಿಂತಿತ್ತು. ಯಲ್ಲಾಲಿಂಗ ಅವನ ಎದೆ ಒತ್ತತೊಡಗಿದ. ಆರನೆಯ ಸಲಕ್ಕೆ ಟಕ್ ಎಂದಿತು. ಮುರಿದದ್ದು ಪಕ್ಕೆಲುಬೆಂದು ಅವನಿಗೆ ತಿಳಿಯಿತು. ಮುರಿದರೂ ನಿಲ್ಲಿಸಬಾರದೆಂದು ಮಾಸ್ತರರು ಹೇಳಿದ್ದರು, ಆದರೆ ರೋಗಿಯ ಹೆಂಡತಿ ಎದುರಿಗೇ ಕೂತಿರುತ್ತಾಳೆಂದು ಹೇಳಿರಲಿಲ್ಲ.

“ಏನ್ ಸಪ್ಪಳರೀ ಅದು, ಡಾಕ್ಟರ್ ಸಾಹೇಬ್ರ?” ಎಂದಳು ದೇವಕ್ಕ.

ತಾನು ಡಾಕ್ಟರಲ್ಲ ಎಂದು ತಿದ್ದದೆ ಅವನು ಒತ್ತುತ್ತಲೇ ಹೇಳಿದ.

“ಬರೋಬ್ಬರಿ ಒತ್ತಾಕತ್ತೀನಿ ಅಂತ ಅರ್ಥ, ಯವ್ವಾ.”

“ಹಂಗಾದ್ರ ಇನ್ನೊಮ್ಮೆ ಆ ಸಪ್ಪಳ ಬರೋ ಹಂಗ ಒತ್ರೀ.”